ಗಾಳಿಯ ಗುಳ್ಳೆಯೂ ಉಳಿಸಿಕೊಂಡ ಗಸಿಯೂ: ಕೊಳಚೆನೀರಿನ ಶುದ್ಧೀಕರಣದ ಚರಿತ್ರೆಯಲ್ಲಿ 1914ರ ಸ್ಥಾನ

ಯಂತ್ರಯುಗದ ಚರಿತ್ರೆಯನ್ನು ಬರೆಯುವವರು ಉಗಿಯಂತ್ರ, ರೈಲುದಾರಿ, ತಂತಿ ಮೊದಲಾದುವುಗಳಿಗೆ ಅಧ್ಯಾಯಗಳನ್ನು ಮೀಸಲಿಟ್ಟು, ನಗರದ ಕೊಳಚೆಯನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಆರೋಗ್ಯಾಧಿಕಾರಿಗಳಿಗೂ ಎಂಜಿನಿಯರುಗಳಿಗೂ ಬಿಟ್ಟುಕೊಟ್ಟು ಮುಂದೆ ಸಾಗುವುದು ವಾಡಿಕೆಯಾಗಿದೆ. ಹತ್ತಿಯ ಗಿರಣಿಗಳಿಂದ ಲೋಕಪ್ರಸಿದ್ಧವಾದ ಮ್ಯಾಂಚೆಸ್ಟರಿನ ಬಗ್ಗೆ ನಮ್ಮ ಪಠ್ಯಗ್ರಂಥಗಳಲ್ಲಿ ಎಷ್ಟೋ ಪುಟಗಳಿವೆ. ಅದೇ ನಗರದ ಹೊರವಲಯದ ಡೇವಿಹ್ಯೂಮ್ ಎಂಬಲ್ಲಿ, ಗಾಜಿನ ಸೀಸೆಗಳಲ್ಲಿ ಕೊಳಚೆನೀರನ್ನು ತುಂಬಿ ಅದರೊಳಗೆ ಗಾಳಿಯ ಗುಳ್ಳೆಗಳನ್ನು ಬಿಟ್ಟು ನೋಡಿದ ಇಬ್ಬರು ರಸಾಯನಜ್ಞರ ಬಗ್ಗೆ ಒಂದು ವಾಕ್ಯವೂ ಇಲ್ಲ. ಇಂದು ಭೂಮಂಡಲದ ಬಹುತೇಕ ಮಹಾನಗರಗಳ ಕೊಳಚೆನೀರು ಯಾವ ವಿಧಾನದಿಂದ ಶುದ್ಧವಾಗುತ್ತಿದೆಯೋ ಆ ವಿಧಾನ ಆ ಸೀಸೆಗಳಿಂದ ಹೊರಟದ್ದು. ಪ್ರಕೃತ ಲೇಖನದಲ್ಲಿ ಆ ಪ್ರಯೋಗದ ಹಿಂದುಮುಂದುಗಳನ್ನು ನಿರೂಪಿಸಿ, ಅಲ್ಲಿ ನಿಜವಾಗಿ ಹೊಸದಾದುದು ಯಾವುದು ಎಂಬುದನ್ನು ವಿಚಾರಿಸಬೇಕೆಂದಿದ್ದೇವೆ. ಈ ಪ್ರಶ್ನೆಗೆ ನ್ಯಾಯಾಲಯಗಳೂ ಉತ್ತರ ಹೇಳಬೇಕಾಗಿ ಬಂದುದರಿಂದ ಇದು ಕೇವಲ ವಿದ್ವಜ್ಜಿಜ್ಞಾಸೆಯಲ್ಲ.

ಮೊದಲು ಗುಳ್ಳೆಯ ವಿಷಯ. ನೀರಿನಲ್ಲಿ ಕರಗುವ ಆಮ್ಲಜನಕದ ಪ್ರಮಾಣ ಬಹಳ ಅಲ್ಪ. ವಾಯುಮಂಡಲದ ಸಂಪರ್ಕದಲ್ಲಿರುವ ಒಂದು ಲೀಟರು ಶುದ್ಧಜಲ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 9 ಮಿಲಿಗ್ರಾಮಿನಷ್ಟನ್ನೂ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಮಿನಷ್ಟನ್ನೂ ಮಾತ್ರ ಹಿಡಿದಿಡಬಲ್ಲದು. ಕೊಳಚೆಯಲ್ಲಿರುವ ಸಾವಯವ ಪದಾರ್ಥವನ್ನು ತಿನ್ನುವ ಸೂಕ್ಷ್ಮಜೀವಿಗಳು ಈ ಅಲ್ಪವನ್ನು ಬಹುಬೇಗ ಮುಗಿಸಿಬಿಡುತ್ತವೆ. ಅನಂತರ ನೀರು ಕೊಳೆತು ನಾರತೊಡಗುತ್ತದೆ. ಆದಕಾರಣ ಆಮ್ಲಜನಕವನ್ನು ಎಡೆಬಿಡದೆ ಒದಗಿಸುತ್ತಿರಬೇಕು. ಗಾಳಿಯಿಂದ ನೀರಿಗೆ ಅದು ದಾಟುವುದು ಇವೆರಡೂ ಮುಟ್ಟುವ ಮೇಲ್ಮೈಯ ಮೂಲಕ. ಒಂದು ಸೆಂಟಿಮೀಟರು ವ್ಯಾಸದ ಗುಳ್ಳೆಯೊಂದನ್ನು ಒಂದು ಮಿಲಿಮೀಟರು ವ್ಯಾಸದ ಗುಳ್ಳೆಗಳಾಗಿ ಒಡೆದರೆ ಅವು ಸಾವಿರವಾಗುತ್ತವೆ. ಗಾಳಿ ಅಷ್ಟೇ ಇದ್ದರೂ ಮೇಲ್ಮೈ ಹತ್ತು ಪಟ್ಟಾಗುತ್ತದೆ. ಅಲ್ಲದೆ ಸಣ್ಣ ಗುಳ್ಳೆ ದೊಡ್ಡದಕ್ಕಿಂತ ನಿಧಾನವಾಗಿ ಏರುವುದರಿಂದ ನೀರಿನೊಡನೆ ಹೆಚ್ಚು ಹೊತ್ತು ಇರುತ್ತದೆ. ಈ ಸರಳ ಲೆಕ್ಕವೇ ಗುಳ್ಳೆಯನ್ನು ಸಣ್ಣದು ಮಾಡಬೇಕೆಂಬ ಯತ್ನಗಳೆಲ್ಲಕ್ಕೂ ಮೂಲ. ಗಾಳಿ ಮತ್ತು ನೀರುಗಳ ನಡುವಣ ತೆಳುಪದರಗಳ ಸಿದ್ಧಾಂತವನ್ನು ಲೂಯಿಸ್ ಮತ್ತು ವಿಟ್ಮನ್ ಎಂಬವರು ಪ್ರತಿಪಾದಿಸಿದುದು 1920ರ ದಶಕದಲ್ಲಿ. ಎಂದರೆ ಶಾಸ್ತ್ರ ಬರುವುದಕ್ಕೆ ಮೊದಲೇ ಕೆಲಸ ನಡೆದಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಇದು ಅಪರೂಪವೇನೂ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನೀರು ತೊಳೆಯುವ ಶೌಚಗೃಹಗಳು ಹೆಚ್ಚಿದಂತೆ ಮನೆಯ ಮಲಿನವೆಲ್ಲ ನದಿಗೆ ಹರಿಯಿತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧ ಪಾರ್ಲಿಮೆಂಟಿನ ಸದಸ್ಯರ ಮೂಗನ್ನೇ ಮುಟ್ಟಿದ ಮೇಲೆ ಲಂಡನ್ನಿನ ಒಳಚರಂಡಿಗಳ ನಿರ್ಮಾಣ ಆರಂಭವಾಯಿತೆಂಬುದು ಸರ್ವವಿದಿತ. ಆದರೆ ಒಳಚರಂಡಿ ಕೊಳಚೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ. 1876ರಲ್ಲಿ ನದಿಗಳ ಮಾಲಿನ್ಯವನ್ನು ತಡೆಯುವ ಶಾಸನ ಬಂದಿತು. ಊರುಗಳು ಹೊಲಗಳಿಗೆ ಕೊಳಚೆ ಹಾಯಿಸಿದುವು. ಸುಣ್ಣ ಮೊದಲಾದ ದ್ರವ್ಯಗಳನ್ನು ಬೆರಸಿ ಕಲ್ಮಷವನ್ನು ತಳಕ್ಕಿಳಿಸಿದುವು. ಶತಮಾನದ ಕೊನೆಯ ದಶಕದಲ್ಲಿ ಕಲ್ಲುಚೂರು ತುಂಬಿದ ಹಾಸುಗಳ ಮೇಲೆ ನೀರನ್ನು ಬಿಟ್ಟು, ಆ ಕಲ್ಲುಗಳಿಗೆ ಅಂಟಿ ಬೆಳೆದ ಜೀವಿಗಳಿಂದ ಅದನ್ನು ಶುದ್ಧಿಗೊಳಿಸಿದುವು. ಈ ಕಡೆಯ ಉಪಾಯ ಚೆನ್ನಾಗಿಯೇ ಫಲಿಸಿತು. ಆದರೆ ಅದಕ್ಕೆ ಬೇಕಾದ ನೆಲ ಬಹಳ. ಸುಮಾರು ಏಳು ಲಕ್ಷ ಜನರಿದ್ದ ಮ್ಯಾಂಚೆಸ್ಟರಿನಂಥ ನಗರಕ್ಕೆ ಎಕರೆಗಟ್ಟಲೆ ಹಾಸುಗಳನ್ನು ಕಟ್ಟುತ್ತ ಹೋಗುವುದು ಅಂತ್ಯವಿಲ್ಲದ ವೆಚ್ಚವಾಯಿತು. ಮೇಲಾಗಿ ತೊಟ್ಟಿಗಳ ತಳದಲ್ಲಿ ದಿನದಿನವೂ ಕೂಡಿಬೀಳುತ್ತಿದ್ದ ಗಸಿಯನ್ನು ಹಡಗಿಗೆ ತುಂಬಿ ಸಮುದ್ರದಲ್ಲಿ ಸುರಿದು ಬರಬೇಕಾಗಿತ್ತು.

ಗಸಿ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅಂದಿನ ನಗರಸಭೆಗಳ ದೃಷ್ಟಿಯಲ್ಲಿ ಗಸಿಯೇ ಶತ್ರು. ಅದು ಕಡಮೆಯಾದಷ್ಟೂ ವಿಧಾನ ಉತ್ತಮ, ಹೆಚ್ಚಾದಷ್ಟೂ ಅಧಮ ಎಂಬುದು ಎಲ್ಲರೂ ಒಪ್ಪಿದ ಮಾನದಂಡವಾಗಿತ್ತು. ಮುಂದೆ ಬರುವ ಕಥೆಯೆಲ್ಲ ಈ ಮಾನದಂಡವನ್ನು ಒಬ್ಬರಲ್ಲ ಒಬ್ಬರು ಮೀರಲಾರದೆ ಹೋದುದರ ಕಥೆ.

ಕೊಳಚೆಯೊಳಕ್ಕೆ ಗಾಳಿಯನ್ನು ಊದಿ ನೋಡುವ ಯೋಚನೆ 1914ರದಲ್ಲ. 1882ರಲ್ಲಿ ಆಂಗಸ್ ಸ್ಮಿತ್ ಎಂಬ ಪ್ರಸಿದ್ಧ ರಸಾಯನಜ್ಞ ಅದನ್ನು ಪರೀಕ್ಷಿಸಿದ್ದನು. ಅದೇ ದಶಕದಲ್ಲಿ ಲಂಡನ್ನಿನ ಡ್ಯೂಪ್ರೇ ಮತ್ತು ಡಿಬ್ಡಿನ್ ಎಂಬವರು ಅದನ್ನು ಮುಂದುವರಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಎಂಬಲ್ಲಿ 1887ರಲ್ಲಿ ಸ್ಥಾಪಿತವಾದ ಪ್ರಯೋಗಶಾಲೆಯಲ್ಲಿ ಡ್ರೌನ್ ಎಂಬವನು ಗಾಳಿಯೊಡನೆ ನೀರನ್ನು ಕಲಕಿದ ಮಾತ್ರಕ್ಕೆ ಅದರ ಸಾವಯವ ಕಲ್ಮಷ ಉರಿದುಹೋಗುವುದಿಲ್ಲವೆಂದು ತೋರಿಸಿದನು. 1910ರಲ್ಲಿ ನ್ಯೂಯಾರ್ಕ್ ಬಂದರಿನ ನೀರಿಗಾಗಿ ಬ್ಲ್ಯಾಕ್ ಮತ್ತು ಫೆಲ್ಪ್ಸ್ ಎಂಬವರು ಮತ್ತೆ ಗಾಳಿಯನ್ನು ಊದಿದರು. ಇವರೆಲ್ಲರಿಗೂ ಸ್ವಲ್ಪ ಸ್ವಲ್ಪ ಗುಣ ಕಂಡಿತು. ವೆಚ್ಚಕ್ಕೆ ತಕ್ಕ ಫಲ ಯಾರಿಗೂ ದೊರೆಯಲಿಲ್ಲ. ಮೂವತ್ತು ವರ್ಷಗಳ ಕಾಲ ಇಷ್ಟು ಮಂದಿ ಬುದ್ಧಿವಂತರು ಒಂದೇ ಬಾಗಿಲನ್ನು ತಟ್ಟಿ ಹಿಂದಿರುಗಿದುದು ಏಕೆ?

ಗಾಳಿಯ ಕೊರತೆಯಿಂದಲ್ಲ, ಗುಳ್ಳೆ ದೊಡ್ಡದಾದುದರಿಂದಲೂ ಅಲ್ಲ ಎಂಬುದು ನಮ್ಮ ಮತ. ಪ್ರಯೋಗವೊಂದು ಮುಗಿದೊಡನೆ ತೊಟ್ಟಿಯನ್ನು ಬರಿದುಮಾಡಿ ತೊಳೆದು ಮುಂದಿನ ಪ್ರಯೋಗವನ್ನು ಶುಚಿಯಾಗಿ ಆರಂಭಿಸುವುದು ರಸಾಯನಜ್ಞರ ಶಿಸ್ತು. ಗಾಳಿ ಕಲ್ಮಷವನ್ನು ನೇರವಾಗಿ ಸುಡುತ್ತದೆಂಬ ಭಾವನೆ ಇರುವವರೆಗೆ ಈ ಶಿಸ್ತು ಸರಿಯಾದದ್ದೇ. ಆದರೆ ಸುಡುವ ಕೆಲಸ ಮಾಡುತ್ತಿದ್ದುದು ಜೀವಿಗಳು. ಗಾಳಿ ಅವುಗಳ ಉಸಿರು ಮಾತ್ರ. ಆ ಜೀವಿಗಳು ವಾಸವಾಗಿದ್ದುದು ತಳದಲ್ಲಿ ಕುಳಿತ ಕಂದುಬಣ್ಣದ ಗಸಿಯಲ್ಲಿ. ತೊಟ್ಟಿಯನ್ನು ತೊಳೆದಾಗಲೆಲ್ಲ ದುಡಿಯುವ ಕೈಗಳನ್ನೇ ಹೊರಗೆ ಚೆಲ್ಲಿದಂತಾಗುತ್ತಿತ್ತು. ನಮ್ಮ ಅಡಿಗೆಮನೆಗಳಲ್ಲಿ ನಿನ್ನೆಯ ಮೊಸರನ್ನು ಒಂದಿಷ್ಟು ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುತ್ತಾರೆ. ಪಾತ್ರೆಯನ್ನು ಪ್ರತಿದಿನವೂ ತೊಳೆದು ಹೆಪ್ಪಿಲ್ಲದೆ ಹಾಲನ್ನಿಟ್ಟು, ಮೊಸರಾಗಲಿಲ್ಲವೆಂದು ಹಾಲನ್ನು ದೂರಿದರೆ ಹೇಗೋ ಹಾಗಿತ್ತು ಈ ಮೂವತ್ತು ವರ್ಷಗಳ ಪರಿಶ್ರಮ.

ಇದಕ್ಕೆ ಗಿಲ್ಬರ್ಟ್ ಜಾನ್ ಫೌಲರನ ಅನುಭವವೇ ನಿದರ್ಶನ. ಮ್ಯಾಂಚೆಸ್ಟರ್ ನಗರಸಭೆಯ ರಸಾಯನಜ್ಞನಾಗಿದ್ದ ಈತನು 1897ರಲ್ಲಿಯೇ ಕೊಳಚೆಯೊಳಗೆ ಗಾಳಿಯನ್ನು ಹಾಯಿಸಿ ನೋಡಿದ್ದನು. ನೀರು ತಿಳಿಯಾಗಿ ಗಸಿ ಬೇಗನೆ ತಳಕ್ಕಿಳಿಯಿತು. ಅಂದಿನ ಮಾನದಂಡದಂತೆ ಗಸಿ ಹುಟ್ಟಿದ ಪ್ರಯೋಗ ಸೋತ ಪ್ರಯೋಗ; ಆದುದರಿಂದ ಅದು ಅಲ್ಲಿಗೇ ನಿಂತಿತು. ಹದಿನೈದು ವರ್ಷಗಳ ಅನಂತರ ತನ್ನ ಊರಿಗೇ ಕೀರ್ತಿ ತರಬೇಕಾಗಿದ್ದ ವಸ್ತು ಸೀಸೆಯ ತಳದಲ್ಲಿ ಅವನ ಕಣ್ಣೆದುರಿಗೇ ಇದ್ದಿತು.

1912ರಲ್ಲಿ ಎರಡು ಸಂಗತಿಗಳು ಕೂಡಿಬಂದುವು. ಕೊಳಚೆಯ ವಿಲೇವಾರಿಯನ್ನು ಕುರಿತ ರಾಜನಿಯೋಗ ತನ್ನ ಎಂಟನೆಯ ವರದಿಯಲ್ಲಿ ನದಿಗೆ ಬಿಡಬಹುದಾದ ನೀರಿಗೆ ಒಂದು ಅಳತೆಯನ್ನು ಕಟ್ಟಿತು: ತೇಲುವ ಕಣಗಳು ಹತ್ತು ಲಕ್ಷಕ್ಕೆ 30 ಭಾಗ, ಐದು ದಿನಗಳಲ್ಲಿ ಹೀರುವ ಆಮ್ಲಜನಕ 20 ಭಾಗ, ಇವನ್ನು ಮೀರಬಾರದು, ಅಷ್ಟಾದರೂ ನದಿಯಲ್ಲಿ ಎಂಟು ಪಾಲು ಶುದ್ಧಜಲವಿರಬೇಕು. ಈ ಅಳತೆ ಇಂಗ್ಲೆಂಡಿನ ಹೊರಗೂ ಬಹುಕಾಲ ಪ್ರಮಾಣವಾಗಿ ನಡೆಯಿತು. ಅದೇ ವರ್ಷ ಫೌಲರನು ನ್ಯೂಯಾರ್ಕ್ ಬಂದರಿನ ಮಾಲಿನ್ಯದ ಸಂಬಂಧದಲ್ಲಿ ಅಮೆರಿಕಕ್ಕೆ ಹೋಗಿ ಲಾರೆನ್ಸ್ ಪ್ರಯೋಗಶಾಲೆಯನ್ನು ಸಂದರ್ಶಿಸಿದನು. ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಎಂಬವರು ಪಾಚಿ ಬೆಳೆದ ಸೀಸೆಯೊಂದರಲ್ಲಿ ಗಾಳಿಯನ್ನು ಹಾಯಿಸಿ ಕೊಳಚೆಯನ್ನು ತಿಳಿಯಾಗಿಸುತ್ತಿದ್ದರು; ತೊಟ್ಟಿಯಲ್ಲಿ ಸ್ಲೇಟುಕಲ್ಲಿನ ಹಲಗೆಗಳನ್ನಿಟ್ಟು ಅವುಗಳ ಮೇಲೆ ಜೀವಿಗಳನ್ನು ಬೆಳೆಸುತ್ತಿದ್ದರು. ಇಲ್ಲಿ ಬೆಳೆದುದನ್ನು ತೊಳೆದು ಚೆಲ್ಲುತ್ತಿರಲಿಲ್ಲವೆಂಬುದು ಗಮನಾರ್ಹ. ಫೌಲರನು ಸ್ವದೇಶಕ್ಕೆ ಹಿಂದಿರುಗಿದವನೇ ಡೇವಿಹ್ಯೂಮಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬವರಿಗೆ ಇಂತಹ ಪ್ರಯೋಗಗಳನ್ನು ನಡೆಸಿ ನೋಡಿರೆಂದು ಸೂಚಿಸಿದನು.

ಆ ಇಬ್ಬರು ಮಾಡಿದ ಕೆಲಸ ವರ್ಣನೆಗೆ ತೀರ ಸಾಮಾನ್ಯ. ಸುಮಾರು ಎರಡೂಕಾಲು ಲೀಟರು ಹಿಡಿಯುವ ಸೀಸೆಗಳಲ್ಲಿ ಮ್ಯಾಂಚೆಸ್ಟರಿನ ಕೊಳಚೆಯನ್ನು ತುಂಬಿದರು. ಲಾರೆನ್ಸಿನಲ್ಲಿ ಪಾಚಿಗೆ ಪ್ರಾಧಾನ್ಯವಿದ್ದಿತು. ಇವರಾದರೋ ಪಾಚಿ ಬೆಳೆಯದಂತೆ ಸೀಸೆಗಳಿಗೆ ಕಂದುಕಾಗದ ಸುತ್ತಿ ಬೆಳಕನ್ನು ತಡೆದರು. ಗಾಳಿಯನ್ನು ಸತತವಾಗಿ ಹಾಯಿಸಿದರು. ಅಮೋನಿಯವೆಲ್ಲ ನೈಟ್ರೇಟಾಗಿ ಮಾರ್ಪಟ್ಟು ಶುದ್ಧಿ ಪೂರ್ಣವಾಗಲು ಸುಮಾರು ಐದು ವಾರ ಹಿಡಿಯಿತು. ಐದು ವಾರವೆಂದರೆ ಯಾವ ನಗರಸಭೆಯೂ ಕಿವಿಗೊಡುವ ಮಾತಲ್ಲ. ಹಿಂದಿನವರಾಗಿದ್ದರೆ ಇಲ್ಲಿಗೆ ಸೀಸೆಯನ್ನು ತೊಳೆದಿಡುತ್ತಿದ್ದರು. ಇವರು ಮೇಲಿನ ತಿಳಿನೀರನ್ನು ಮಾತ್ರ ಬಗ್ಗಿಸಿ, ಗಸಿಯನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆಯನ್ನು ಹೊಯ್ದು ಮತ್ತೆ ಗಾಳಿ ಹಾಯಿಸಿದರು. ಎರಡನೆಯ ಸಲ ಕಾಲ ಕಡಮೆಯಾಯಿತು. ಮತ್ತೆ ಬಗ್ಗಿಸಿ ಮತ್ತೆ ಹೊಯ್ದರು, ಇನ್ನೂ ಕಡಮೆಯಾಯಿತು. ಗಸಿ ಬೆಳೆಯುತ್ತ ಹೋದಂತೆ ಐದು ವಾರದ ಕೆಲಸ ಇಪ್ಪತ್ತನಾಲ್ಕು ಗಂಟೆಗಳಿಗೆ ಇಳಿಯಿತು. ಗಸಿಯ ಪಾಲನ್ನು ಇನ್ನಷ್ಟು ಹೆಚ್ಚಿಸಿದಾಗ ಕೆಲವೇ ಗಂಟೆಗಳಿಗೆ ಬಂದು ನಿಂತಿತು. ಹೀಗೆ ಪಳಗಿದ ಗಸಿಗೆ ಅವರು ಆಕ್ಟಿವೇಟೆಡ್ ಸ್ಲಡ್ಜ್ ಎಂಬ ಹೆಸರನ್ನಿಟ್ಟರು. ಚೇತನಗೊಂಡ ಗಸಿ ಎಂದು ನಾವು ಅದನ್ನು ಕನ್ನಡಿಸಬಹುದು.

1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ಗ್ರ್ಯಾಂಡ್ ಹೋಟೆಲಿನಲ್ಲಿ ಸೇರಿದ್ದ ರಾಸಾಯನಿಕ ಉದ್ಯಮ ಸಂಘದ ಸಭೆಯಲ್ಲಿ ಅವರು ತಮ್ಮ ಪ್ರಬಂಧವನ್ನು ಓದಿದರು. ಶೋಧಕ ಹಾಸುಗಳ ನೆರವಿಲ್ಲದೆ ಕೊಳಚೆಯನ್ನು ಆಮ್ಲಜನಕದಿಂದ ಶುದ್ಧಗೊಳಿಸುವುದು ಎಂಬುದೇ ಅದರ ಶೀರ್ಷಿಕೆಯ ತಾತ್ಪರ್ಯ. ಶೀರ್ಷಿಕೆಯಲ್ಲಿ ಗುಳ್ಳೆಯ ಮಾತೂ ಇಲ್ಲ, ಗಸಿಯ ಮಾತೂ ಇಲ್ಲ. ನೆಲ ಉಳಿಯುತ್ತದೆ ಎಂಬುದನ್ನೇ ಅಂದಿನ ಶ್ರೋತೃಗಳು ಮೊದಲು ಕೇಳಿಸಿಕೊಂಡಿರಬೇಕು. ಲಾರೆನ್ಸಿನ ಕೆಲಸವನ್ನೂ ಫೌಲರನ ಸೂಚನೆಯನ್ನೂ ಲೇಖಕರು ಸ್ಮರಿಸಿದ್ದಾರೆ. ಪ್ರಬಂಧಕ್ಕೆ ಫೌಲರನ ಹೆಸರು ಸೇರಿಲ್ಲ.

ಹಾಗಾದರೆ ಗುಳ್ಳೆಯ ಪಾತ್ರ ಗೌಣವೇ ಎಂದು ಓದುಗರು ಕೇಳಬಹುದು. ಸೀಸೆಯಲ್ಲಿ ಗೌಣವಾಗಿದ್ದುದು ನಗರಪ್ರಮಾಣದ ತೊಟ್ಟಿಯಲ್ಲಿ ಮುಖ್ಯವಾಯಿತು. ಗುಳ್ಳೆಗೆ ಅಲ್ಲಿ ಎರಡು ಕೆಲಸ: ಜೀವಿಗಳಿಗೆ ಆಮ್ಲಜನಕವನ್ನು ಕೊಡುವುದು, ಗಸಿ ತಳಕ್ಕೆ ಕೂಡದಂತೆ ಕಲಕುತ್ತಿರುವುದು. ತೂತು ಕೊರೆದ ಕೊಳವೆಗಳಿಂದ ಹೊರಟ ಗಾಳಿ ದೊಡ್ಡ ದೊಡ್ಡ ಗುಳ್ಳೆಗಳಾಗಿ ಕಲಕಿತೇ ಹೊರತು ಬಹುಭಾಗ ಕರಗದೆ ಹೊರಟುಹೋಯಿತು. ಆದುದರಿಂದ ತೊಟ್ಟಿಯ ನೆಲಕ್ಕೆ ಸೂಕ್ಷ್ಮರಂಧ್ರಗಳುಳ್ಳ ಬಿಲ್ಲೆಗಳನ್ನು ಕೂಡಿಸಿ ಅವುಗಳ ಅಡಿಯಿಂದ ಗಾಳಿಯನ್ನು ಒತ್ತುವ ಕ್ರಮ ಬಂದಿತು. ಗುಳ್ಳೆಗಳು ಸಣ್ಣವಾದುವು, ಆದರೆ ಗಾಳಿಯ ಧೂಳು ಒಳಗಿನಿಂದಲೂ ಜೀವಿಗಳ ಲೋಳೆ ಹೊರಗಿನಿಂದಲೂ ರಂಧ್ರಗಳನ್ನು ಮುಚ್ಚತೊಡಗಿದುವು. ತೊಟ್ಟಿಯನ್ನು ಬರಿದುಮಾಡಿ ಬಿಲ್ಲೆಗಳನ್ನು ತೆಗೆದು ತೊಳೆಯುವ ಕಷ್ಟ ಸಣ್ಣದಲ್ಲ. ಈ ಕಷ್ಟಕ್ಕೆ ಬೇಸತ್ತ ಷೆಫೀಲ್ಡಿನ ಹಾವರ್ತ್ ಎಂಬವನು ಗುಳ್ಳೆಯನ್ನೇ ಕೈಬಿಟ್ಟು ಹುಟ್ಟುಗಳಿಂದ ನೀರನ್ನು ಕಾಲುವೆಗಳಲ್ಲಿ ಸುತ್ತಿಸಿದನು. ಬರಿಯ ನಗರದಲ್ಲಿ ಬೋಲ್ಟನ್ ಎಂಬವನು ತೊಟ್ಟಿಯ ನಡುವೆ ಶಂಕುವೊಂದನ್ನು ತಿರುಗಿಸಿ ನೀರನ್ನು ಮೇಲಕ್ಕೆತ್ತಿ ಚಿಮ್ಮಿಸಿದನು. ಗುಳ್ಳೆಯ ಪಕ್ಷ, ಚಿಮ್ಮುವ ಪಕ್ಷ ಎಂಬ ಈ ಎರಡು ಸಂಪ್ರದಾಯಗಳ ಪೈಪೋಟಿ ದಶಕಗಳವರೆಗೆ ನಡೆಯಿತು. 1970ರ ದಶಕದಲ್ಲಿ ಇಂಧನದ ಬೆಲೆ ಏರಿದಾಗ ಸೂಕ್ಷ್ಮಗುಳ್ಳೆಯ ಮಿತವ್ಯಯ ಮತ್ತೆ ಎಲ್ಲರ ಗಮನಕ್ಕೆ ಬಂದಿತು; ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚಿಕೊಳ್ಳುವ ಸೀಳುಗಳುಳ್ಳ ರಬ್ಬರಿನ ಹಾಳೆಗಳು ಅನಂತರ ಬಳಕೆಗೆ ಬಂದುವು. ಇಂಥ ಶುದ್ಧೀಕರಣ ಕೇಂದ್ರಗಳಲ್ಲಿ ವ್ಯಯವಾಗುವ ವಿದ್ಯುಚ್ಛಕ್ತಿಯ ಸುಮಾರು ಅರ್ಧ ಪಾಲು, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು, ಗಾಳಿಗೇ ಸಲ್ಲುತ್ತದೆಂಬುದನ್ನು ನೆನೆದರೆ ಗುಳ್ಳೆಯ ಗಾತ್ರ ಹಣದ ಪ್ರಶ್ನೆಯೂ ಹೌದೆಂಬುದು ಸ್ಪಷ್ಟವಾಗುತ್ತದೆ.

ಪ್ರಬಂಧ ಪ್ರಕಟವಾದ ವರ್ಷವೇ ಸ್ಯಾಲ್ಫರ್ಡ್ ಮತ್ತು ಡೇವಿಹ್ಯೂಮ್‌ಗಳಲ್ಲಿ ಸಣ್ಣ ಸ್ಥಾವರಗಳೂ, 1916ರಲ್ಲಿ ವುಸ್ಟರ್ ನಗರದಲ್ಲಿ ನಿರಂತರ ಹರಿವಿನ ದೊಡ್ಡ ಸ್ಥಾವರವೂ ಆರಂಭವಾದುವು. ಮಹಾಯುದ್ಧ ಇಂಗ್ಲೆಂಡಿನ ವೇಗವನ್ನು ಕುಗ್ಗಿಸಿತು. ಅಮೆರಿಕದ ಮಿಲ್ವಾಕಿ ನಗರವಂತೂ ಚಾಕ್ಲಿ ಹ್ಯಾಟನ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಇದನ್ನು ಉತ್ಸಾಹದಿಂದ ಕೈಗೊಂಡು, ಜೋನ್ಸ್ ದ್ವೀಪದಲ್ಲಿ ರಂಧ್ರಮಯ ಬಿಲ್ಲೆಗಳ ಭಾರಿ ಸ್ಥಾವರವನ್ನು ಕಟ್ಟಿ 1925ರಲ್ಲಿ ನಡೆಸತೊಡಗಿತು. ಮರುವರ್ಷದಿಂದ ಹೆಚ್ಚುವರಿ ಗಸಿಯನ್ನು ಒಣಗಿಸಿ ಗೊಬ್ಬರವಾಗಿ ಮಾರಿತು.

ಇಲ್ಲಿ ಸ್ವಾಮ್ಯದ ಪ್ರಶ್ನೆ ತಲೆಯೆತ್ತಿತು. ಆರ್ಡರ್ನ್ ಮತ್ತು ಲಾಕೆಟ್ ತಮ್ಮ ಫಲವನ್ನು ಸಭೆಯಲ್ಲಿ ಬಹಿರಂಗವಾಗಿ ಓದಿದವರು. ಆದರೆ ಸ್ಟೌರ್‌ಬ್ರಿಜ್ಜಿನ ಜೋನ್ಸ್ ಮತ್ತು ಆಟ್‌ವುಡ್ ಎಂಬ ಯಂತ್ರೋದ್ಯಮ ಸಂಸ್ಥೆ ಈ ವಿಧಾನದ ಮೇಲೆ ಪೇಟೆಂಟುಗಳನ್ನು ಪಡೆದಿತ್ತು; ಅವುಗಳ ಹಕ್ಕಿಗಾಗಿ ಪ್ರತ್ಯೇಕ ಕಂಪನಿಯೂ ಏರ್ಪಟ್ಟಿತು. ಮಿಲ್ವಾಕಿ ಹಣ ಕೊಡದೆ ವಿಧಾನವನ್ನು ಬಳಸಿತೆಂದು ಮೊಕದ್ದಮೆ ನಡೆದು, ಕೆಳಗಿನ ನ್ಯಾಯಾಲಯ ನಗರದ ವಿರುದ್ಧ ತೀರ್ಪಿತ್ತು ಸ್ಥಾವರವನ್ನು ನಡೆಸಕೂಡದೆಂದು ತಡೆಯಾಜ್ಞೆಯನ್ನೂ ಕೊಟ್ಟಿತು. 1934ರಲ್ಲಿ ಮೇಲ್ಮನವಿಯ ನ್ಯಾಯಾಲಯ ಪೇಟೆಂಟಿನ ಉಲ್ಲಂಘನೆಯನ್ನು ಎತ್ತಿಹಿಡಿದರೂ ತಡೆಯಾಜ್ಞೆಯನ್ನು ಮಾತ್ರ ರದ್ದುಗೊಳಿಸಿತು. ಸ್ಥಾವರ ನಿಂತರೆ ಇಡೀ ನಗರದ ಕೊಳಚೆ ಮಿಷಿಗನ್ ಸರೋವರಕ್ಕೆ ಹರಿದು ಜನರ ಆರೋಗ್ಯಕ್ಕೆ ಹಾನಿಯಾಗುತ್ತದೆಂಬುದು ಅದರ ಕಾರಣ. ಹಣವನ್ನು ತೆರಬೇಕು, ಆದರೆ ಗಾಳಿ ನಿಲ್ಲಬಾರದು. ಪೇಟೆಂಟಿನ ಒಡೆಯನಿಗೆ ನಿಷೇಧದ ಹಕ್ಕು ಯಾವಾಗಲೂ ಇದೆಯೇ ಎಂಬ ಚರ್ಚೆಯಲ್ಲಿ ಈ ತೀರ್ಪನ್ನು ಇಂದಿಗೂ ಉದ್ಧರಿಸುತ್ತಾರೆ. ಗುಳ್ಳೆಯ ಚರಿತ್ರೆಯಲ್ಲಿ ನ್ಯಾಯಾಲಯ ಕಾಣಿಸಿಕೊಂಡುದು ಇದೇ ಮೊದಲಲ್ಲ. ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಗಳಲ್ಲಿ ಬೆಳೆದ, ಅದುರಿನ ಪುಡಿಯನ್ನು ಗುಳ್ಳೆಗಂಟಿಸಿ ನೊರೆಯಾಗಿ ತೇಲಿಸಿ ಬೇರ್ಪಡಿಸುವ ವಿಧಾನದ ಪೇಟೆಂಟೂ 1916ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಅಲ್ಲಿ ಗುಳ್ಳೆ ತಾನೇ ಹೊತ್ತು ಮೇಲಕ್ಕೆ ತರುತ್ತದೆ. ಇಲ್ಲಿ ಉಸಿರು ಕೊಟ್ಟು ಮರೆಯಾಗುತ್ತದೆ, ಬೇರ್ಪಡುವುದು ಅದು ನಿಂತ ಮೇಲೆ, ಗಸಿ ತಾನಾಗಿ ತಳಕ್ಕಿಳಿದಾಗ.

ಆದ್ಯತೆ ಯಾರಿಗೆ ಸಲ್ಲಬೇಕು? ಲಾರೆನ್ಸಿನ ಕ್ಲಾರ್ಕ್ ತನಗೇ ಸಲ್ಲಬೇಕೆಂದು ವಾದಿಸಿದನು, ಅದರಲ್ಲಿ ಹುರುಳಿಲ್ಲದಿಲ್ಲ. ಸಲಹೆ ಫೌಲರನದು, ಪೇಟೆಂಟು ಯಂತ್ರೋದ್ಯಮಿಗಳದು. ಆದರೂ ಬಗ್ಗಿಸಿ ಉಳಿಸಿಕೊಂಡು ಮತ್ತೆ ಹೊಯ್ಯುವ ಕೆಲಸವನ್ನು ಅಂಕಿಗಳೊಡನೆ, ಕಾಲ ಇಳಿಯುವುದನ್ನು ಹಂತಹಂತವಾಗಿ ತೋರಿಸಿ ನಿಷ್ಕರ್ಷಿಸಿದವರು ಆರ್ಡರ್ನ್ ಮತ್ತು ಲಾಕೆಟರೇ. ಎಲ್ಲರೂ ಚೆಲ್ಲುತ್ತಿದ್ದುದನ್ನು ಚೆಲ್ಲದೆ ಉಳಿಸಿದುದು ಹೊಸ ಯಂತ್ರವೊಂದನ್ನು ರಚಿಸಿದುದಕ್ಕಿಂತ ಕಡಮೆಯ ಸಾಧನೆಯೆಂದು ನಾವು ಭಾವಿಸುವುದಿಲ್ಲ.

ಈ ಚರಿತ್ರೆಗೆ ನಮ್ಮ ನಾಡಿನ ಸಂಬಂಧವೂ ಉಂಟು. ಫೌಲರನು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದನು. ಇಂಗ್ಲೆಂಡಿನಲ್ಲಿ ನದಿಯನ್ನು ಉಳಿಸುವುದು ಮುಖ್ಯವಾಗಿದ್ದರೆ ಇಲ್ಲಿ ಅವನ ಕಣ್ಣಿಗೆ ಬಿದ್ದುದು ಹೊಲ. ಕೊಳಚೆಯಲ್ಲಿ ಹಾಳಾಗುವ ಸಾರಜನಕವನ್ನು ಮಣ್ಣಿಗೆ ಹಿಂದಿರುಗಿಸುವುದು ಹೇಗೆಂಬುದೇ ಅವನ ಮುಂದಿನ ವಿಚಾರವಾಗಿ, 1934ರಲ್ಲಿ ಸಾರಜನಕ ಸಂರಕ್ಷಣೆಯ ಜೀವರಸಾಯನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಕಸಕಡ್ಡಿಯ ರಾಶಿಗೆ ಹಿಂದಿನ ರಾಶಿಯ ಪಕ್ವವಾದ ಗೊಬ್ಬರವನ್ನು ಬೆರಸಿ ಬೇಗನೆ ಕೊಳೆಯಿಸುವ ಕ್ರಮವನ್ನೂ ಆತನು ಸಹೋದ್ಯೋಗಿಗಳೊಡನೆ ಇಲ್ಲಿ ರೂಪಿಸಿದನು. ಡೇವಿಹ್ಯೂಮಿನ ಸೀಸೆಯ ತತ್ತ್ವವೇ ಅದು, ತಿಪ್ಪೆಗೆ ಅನ್ವಯಿಸಿದುದು.

ಚೇತನಗೊಂಡ ಗಸಿಯಲ್ಲಿ ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಯೂ ಬೆಂಗಳೂರಿನಲ್ಲಿ ಹೊಸ ರೂಪ ತಾಳಿತು. ಬ್ಯಾಕ್ಟೀರಿಯಗಳೇ ಸರ್ವಸ್ವವೆಂಬುದು ಬಹುಮತ. ವಿಜ್ಞಾನ ಮಂದಿರದ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಎದುರಾಗಿ, ಗಸಿಯ ಉಂಡೆಗಳಿಗೆ ತೊಟ್ಟಿನಿಂದ ಅಂಟಿ ನಿಂತು ರೋಮಗಳನ್ನು ಆಡಿಸುವ ಏಕಕೋಶ ಪ್ರಾಣಿಗಳ ಪಾತ್ರವನ್ನು ಮುಂದಿಟ್ಟರು; ನೀರು ತಿಳಿಯಾಗುವುದು ಮುಖ್ಯವಾಗಿ ಇವುಗಳಿಂದ ಎಂಬುದು ಅವರ ಪಕ್ಷ. ಗುಳ್ಳೆಯಿಂದ ಕರಗಿದ ಆಮ್ಲಜನಕ ನಿಂತರೆ ಬ್ಯಾಕ್ಟೀರಿಯಗಳಲ್ಲಿ ಎಷ್ಟೋ ಬದುಕುತ್ತವೆ, ಈ ಪ್ರಾಣಿಗಳು ಬಾಳಲಾರವು. ಅವರ ಮಾತನ್ನು ಆಗ ಎಲ್ಲರೂ ಒಪ್ಪಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಕರ್ಡ್ಸ್ ಮತ್ತು ಸಹೋದ್ಯೋಗಿಗಳು ಇಂಥ ಪ್ರಾಣಿಗಳಿಲ್ಲದ ಸಣ್ಣ ಸ್ಥಾವರಗಳನ್ನು ನಡೆಸಿ ನೋಡಿದಾಗ ಹೊರಬಂದ ನೀರು ಬ್ಯಾಕ್ಟೀರಿಯಗಳಿಂದ ಬಗ್ಗಡವಾಗಿತ್ತು. ಪ್ರಾಣಿಗಳನ್ನು ತಂದು ಬಿಟ್ಟ ಮೇಲೆ ತಿಳಿಯಾಯಿತು. ಕಲ್ಮಷವನ್ನು ಉರಿಸುವ ಕೆಲಸ ಬ್ಯಾಕ್ಟೀರಿಯಗಳದೆಂಬ ಬಹುಮತ ಇದರಿಂದ ಬಿದ್ದುಹೋಗಲಿಲ್ಲ. ಆದರೆ ತಿಳಿಗೊಳಿಸುವ ವಿಷಯದಲ್ಲಿ ಬೆಂಗಳೂರಿನವರು ಇಪ್ಪತ್ತಾರು ವರ್ಷ ಮೊದಲು ಹೇಳಿದುದರ ಮುಖ್ಯಾಂಶ ನಿಂತಿತು.